ಲಿಥಿಯಂ ಬ್ಯಾಟರಿ ಪ್ಯಾರಲಲ್ ಮಾಡುವ ಮುಂಚೆ ವೋಲ್ಟೇಜ್ ನೋಡಿ, ದಯವಿಟ್ಟು

ನನ್ನ ಎಲೆಕ್ಟ್ರಿಕ್ ಸೈಕಲ್ಲಿನ 48 ವೋಲ್ಟ್ ಬ್ಯಾಟರಿ ಮನೆಯಿಂದ ಚಾಮುಂಡಿ ಬೆಟ್ಟಕ್ಕೆ ಹೋಗಿ ಬರಲು ಸಾಲುತ್ತಿರಲಿಲ್ಲ. ಅಂಥದ್ದೇ ಇನ್ನೊಂದು ತಂದೆ. ಎರಡನ್ನೂ ಪ್ಯಾರಲಲ್ ಆಗಿ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರುವಂತೆ ಜೋಡಿಸುವ ವೈ ಆಕಾರದ ವೈರನ್ನೂ ತಂದೆ. ಒಂದೇ ಮಾಡೆಲ್ ಅಲ್ವಾ, ಏನಾಗುತ್ತದೆ ಅಂದುಕೊಂಡೆ.

ಹೊಸದು ಪೂರ್ತಿ ಚಾರ್ಜ್ ಆಗಿತ್ತು. ಹಳೆಯದು ಆಗಷ್ಟೇ ಸುತ್ತಾಡಿ ಬಂದಿತ್ತು, ಡಿಸ್‌ಪ್ಲೇ 42 ವೋಲ್ಟ್ ತೋರಿಸಿತ್ತು.

ಪ್ಲಗ್ ಸೇರಿಸಿದ ಕೂಡಲೇ ಚಟ್ ಅಂತ ಕಿಡಿ ಹಾರಿತು. ಮೋಟಾರ್ ನಡೆಸುವ ಕಂಟ್ರೋಲರ್‌ಗೆ ಬ್ಯಾಟರಿ ಸಿಕ್ಕಿಸುವಾಗಲೂ ಕಿಡಿ ಬರುತ್ತದೆ, ಅದೇ ಇರಬೇಕು ಅಂತ ಸುಮ್ಮನಾದೆ. ಆದರೆ ಕಂಟ್ರೋಲರ್‌ನದು ಅದರೊಳಗಿನ ಕೆಪಾಸಿಟರ್ ತುಂಬಿಕೊಳ್ಳುವ ಕಿಡಿ, ಕ್ಷಣದಲ್ಲಿ ಮುಗಿಯುತ್ತದೆ. ಇಲ್ಲಿ ತುಂಬಿದ ಬ್ಯಾಟರಿ ಖಾಲಿ ಬ್ಯಾಟರಿಗೆ ಸುರಿಯುತ್ತಲೇ ಇತ್ತು.

ಸ್ವಲ್ಪ ಹೊತ್ತಿಗೇ ಸುಟ್ಟ ವಾಸನೆ. ವೈರು ಮೆತ್ತಗಾಗಿತ್ತು. ಪ್ಲಗ್ ಕರಗಿ ಅಂಟಿಕೊಂಡಿತ್ತು, ಎಳೆದರೂ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಮಗಳು ಮಲಗಿದ್ದಳು. ಕಟಿಂಗ್ ಪ್ಲೇಯರ್ ತಂದು ಕೆಂಪು ವೈರು ಒಂದನ್ನೇ ಕತ್ತರಿಸಿದೆ. ಕೆಂಪು, ಕಪ್ಪು ಒಟ್ಟಿಗೆ ಕತ್ತರಿಸಿದ್ದರೆ ಪ್ಲೇಯರಿನಲ್ಲೇ ಶಾರ್ಟ್ ಆಗುತ್ತಿತ್ತು. ಎರಡೂ ಬ್ಯಾಟರಿಗಳನ್ನು ಅಂಗಳದ ಮಣ್ಣಿನ ಮೇಲೆ ದೂರ ದೂರ ಇಟ್ಟು ರಾತ್ರಿಯಿಡೀ ಕಾದೆ.

ಆಮೇಲೆ ಲೆಕ್ಕ ಹಾಕಿದೆ. ಇದರಲ್ಲಿ 13 ಸೆಲ್ ಸಾಲಾಗಿವೆ, ತುಂಬಿದಾಗ 54.6 ವೋಲ್ಟ್. ವ್ಯತ್ಯಾಸ 12ಕ್ಕಿಂತ ಜಾಸ್ತಿ. ಬ್ಯಾಟರಿಗಳ ಒಳಗಿನ ರೆಸಿಸ್ಟೆನ್ಸ್, ವೈರು ಎಲ್ಲ ಸೇರಿ ಕಾಲು ಓಮ್ ಅಂದರೂ 50 ಆಂಪಿಯರ್ ಹರಿಯುತ್ತದೆ. ನನ್ನ ಚಾರ್ಜರ್ ಕೊಡುವುದು 2 ಆಂಪಿಯರ್! ಬಿಎಂಎಸ್ (ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್) ಕಾಪಾಡುತ್ತದೆ ಅಂತಲೂ ನಂಬಬೇಡಿ. ಚಾರ್ಜಿಂಗ್ ಪಿನ್ ಬೇರೆ ಇರುವ ಬ್ಯಾಟರಿಗಳಲ್ಲಿ, ಮೋಟಾರಿನ ಕಡೆಯ ವೈರಿನಿಂದ ಒಳಗೆ ಬರುವ ಕರೆಂಟನ್ನು ಅದು ಸಾಮಾನ್ಯವಾಗಿ ತಡೆಯುವುದಿಲ್ಲ.

ಹಳೆಯ ಬ್ಯಾಟರಿ ನೋಡಲು ಚೆನ್ನಾಗೇ ಇತ್ತು. ಆದರೂ ಇ-ತ್ಯಾಜ್ಯದವರಿಗೆ ಕೊಟ್ಟೆ. ಅಷ್ಟು ಜೋರಾಗಿ ಚಾರ್ಜ್ ಆದ ಸೆಲ್ಲಿನೊಳಗೆ ಲಿಥಿಯಂ ಲೋಹ ಪದರ ಕಟ್ಟಿ, ಮುಂದೆಂದೋ ಒಳಗೇ ಶಾರ್ಟ್ ಆಗಬಹುದು.

ಜೋಡಿಸಲೇಬೇಕಾದರೆ ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ. ಒಂದು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ. 0.2 ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಜೋಡಿಸಬೇಡಿ. ಪ್ರತಿ ಬ್ಯಾಟರಿಗೂ ಅದರದೇ ಫ್ಯೂಸ್ ಇರಲಿ. 13 ಸೆಲ್ಲಿನದಕ್ಕೆ 14 ಸೆಲ್ಲಿನದನ್ನು ಯಾವತ್ತೂ ಸೇರಿಸಬೇಡಿ, ಕೆಲವೊಮ್ಮೆ ಎರಡರ ಮೇಲೂ 48 ವೋಲ್ಟ್ ಅಂತಲೇ ಬರೆದಿರುತ್ತದೆ. ಒಮ್ಮೆ ಬಿಚ್ಚಿದರೆ, ಮತ್ತೆ ಸೇರಿಸುವ ಮುಂಚೆ ಮತ್ತೆ ಅಳೆಯಿರಿ.

ನಾನಂತೂ ಈಗ ಹಳೆಯದರ ಬದಲು ತಂದ ಎರಡನೇ ಬ್ಯಾಟರಿಯನ್ನು ಬ್ಯಾಗಿನಲ್ಲಿ ಒಯ್ಯುತ್ತೇನೆ. ಮೊದಲನೆಯದು ಮುಗಿದರೆ ಬಿಚ್ಚಿ, ಇದನ್ನು ಹಾಕಿಕೊಳ್ಳುತ್ತೇನೆ. ಎರಡು ನಿಮಿಷದ ಕೆಲಸ.