ಮಸ್ಕತ್‌ನಲ್ಲಿ ಒಂದು ದಿನ: ಬೆಳಿಗ್ಗೆ ಮ್ಯೂಸಿಯಂ, ಸಂಜೆ ಮತ್ರಾ ಸೂಕ್

ಅಮ್ಮನನ್ನು ಕರೆದುಕೊಂಡು ಒಮಾನಿನ ರಾಜಧಾನಿ ಮಸ್ಕತ್‌ಗೆ ಹೋಗಿದ್ದೆ. ತಮ್ಮ ಅಲ್ಲೇ ರೂವಿ ಬಡಾವಣೆಯಲ್ಲಿದ್ದಾನೆ. ಅವನಿಗೆ ರಜೆ ಸಿಕ್ಕಿದ್ದು ಒಂದೇ ದಿನ. ನಾನು ಹೇಳುವುದು ಇಷ್ಟೇ: ಮೊದಲು ಮ್ಯೂಸಿಯಂ ನೋಡಿ, ಆಮೇಲೆ ಮತ್ರಾ ಸೂಕ್‌ಗೆ, ಅಂದರೆ ಅಲ್ಲಿನ ಹಳೆಯ ಪೇಟೆಗೆ ಹೋಗಿ.

ನ್ಯಾಷನಲ್ ಮ್ಯೂಸಿಯಂ ಇರುವುದು ಸುಲ್ತಾನರ ಅಲ್ ಆಲಂ ಅರಮನೆಯ ಎದುರಿಗೇ. 2016ರಲ್ಲಿ ತೆರೆದದ್ದು. ಒಳಗೆ ತಂಪು, ಗದ್ದಲವಿಲ್ಲ. ಹಡಗುಗಳ ವಿಭಾಗ ನಮ್ಮ ಕರಾವಳಿಯವರಿಗೆ ಹತ್ತಿರವಾಗುತ್ತದೆ. ಮೊಳೆ ಹೊಡೆಯದೆ ತೆಂಗಿನ ಹುರಿಯಲ್ಲಿ ಹಲಗೆ ಹೊಲಿದು ಹಡಗು ಕಟ್ಟುತ್ತಿದ್ದರು ಒಮಾನಿನವರು. ಟಿಪ್ಪುವಿನ ಕಾಲದಲ್ಲಿ ಮಂಗಳೂರಿನ ಅಕ್ಕಿ ಈ ಊರಿಗೆ ಬರುತ್ತಿತ್ತು, ಅವನ ವ್ಯಾಪಾರದ ಕೋಠಿಯೂ ಇಲ್ಲಿತ್ತು.

ಅಮ್ಮ ಜಾಸ್ತಿ ಹೊತ್ತು ನಿಂತದ್ದು ಒಂದು ಪುಟ್ಟ ಧೂಪದ ಪಾತ್ರೆಯ ಮುಂದೆ. ಒಮಾನಿನ ಪೂರ್ವ ಕರಾವಳಿಯ ರಾಸ್ ಅಲ್ ಜಿಂಜ್‌ನಲ್ಲಿ ಸಿಕ್ಕಿದ್ದು, 4,000 ವರ್ಷಕ್ಕೂ ಹಳೆಯದು. "ನಾವು ಹಾಕುವ ಹಾಗೇ ಇವರೂ ಧೂಪ ಹಾಕ್ತಿದ್ರಲ್ಲ ಮಾರಾಯ್ತಿ" ಅಂದರು.

ಮಧ್ಯಾಹ್ನ ನಾವೊಂದು ತಪ್ಪು ಮಾಡಿದೆವು. ಮೂರು ಗಂಟೆಗೇ ಮತ್ರಾಕ್ಕೆ ಹೋದರೆ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಊಟದ ಹೊತ್ತಿಗೆ ಮುಚ್ಚಿ ನಾಲ್ಕರ ಮೇಲೆ ತೆರೆಯುತ್ತಾರೆ. ಆ ಬಿಸಿಲಲ್ಲಿ ಅಮ್ಮನನ್ನು ಸಮುದ್ರದ ದಂಡೆಯಲ್ಲಿ ಕೂರಿಸಿದ್ದು ನನಗೆ ಈಗಲೂ ಬೇಜಾರು.

ಸೂಕ್ ಒಳಗೆ ಸಣ್ಣ ಸಣ್ಣ ಓಣಿಗಳು. ಬೆಳ್ಳಿಯ ಖಂಜರ್ (ಬಾಗಿದ ಕಠಾರಿ), ಕಸೂತಿ ಹಾಕಿದ ಕುಮ್ಮಾ ಟೋಪಿ, ಅತ್ತರು. ಹಿಂದಿ ಬಂದರೆ ಸಾಕು, ವ್ಯಾಪಾರ ನಡೆಯುತ್ತದೆ. ಆದರೆ ಇಲ್ಲಿ ಕೊಳ್ಳಬೇಕಾದ್ದು ಲುಬಾನ್, ಧೂಪಕ್ಕೆ ಹಾಕುವ ಮರದ ಅಂಟು. ನಮ್ಮ ಲೋಬಾನ ಅನ್ನುವ ಹೆಸರು ಬಂದದ್ದು ಇದರಿಂದಲೇ, ಅಂಟು ಮಾತ್ರ ಬೇರೆ ಮರದ್ದು. ಇಲ್ಲಿಯದು ದಕ್ಷಿಣ ಒಮಾನಿನ ದೋಫಾರ್ ಕಡೆಯ ಮರ. ತೊಗಟೆ ಕೆರೆದು ಬಿಡುತ್ತಾರೆ, ಒಸರಿದ ಹಾಲು ಅಲ್ಲೇ ಒಣಗಿ ಗಟ್ಟಿಯಾಗುತ್ತದೆ.

ಮೊದಲ ಅಂಗಡಿಯಲ್ಲಿ ಹಳದಿ ಹರಳನ್ನೇ ಅತಿ ಒಳ್ಳೆಯದು ಅಂತ ನಮಗೆ ಕಟ್ಟಿಕೊಟ್ಟರು. ಒಳ ಓಣಿಯ ಅಜ್ಜರೊಬ್ಬರು ಹೊಜಾರಿ ಅನ್ನುವ ಮೇಲು ದರ್ಜೆಯ ಲುಬಾನ್ ತೋರಿಸಿದ ಮೇಲೆ ವ್ಯತ್ಯಾಸ ಗೊತ್ತಾಯಿತು. ತಿಳಿ ಹಸಿರು ಬಣ್ಣ, ದೀಪಕ್ಕೆ ಹಿಡಿದರೆ ಬೆಳಕು ದಾಟುತ್ತದೆ. ಒಂದು ಹರಳು ಕೆಂಡದ ಮೇಲಿಟ್ಟರು. ನಿಂಬೆಸಿಪ್ಪೆಯ ಹಾಗೆ ಪರಿಮಳ, ಗಂಟಲು ಕೆರೆಯುವ ಹೊಗೆಯಿಲ್ಲ. ಉರಿಸಿ ತೋರಿಸದೆ ಇದ್ದರೆ ಕೊಳ್ಳಬೇಡಿ.

ಖಂಜರ್ ಬೇಕಾದವರು ಮೊದಲು ಬೈತ್ ಅಲ್ ಜುಬೇರ್ ಮ್ಯೂಸಿಯಂನಲ್ಲಿ ಹಳೆಯ ಖಂಜರ್‌ಗಳನ್ನು ನೋಡಿಕೊಂಡು ಬನ್ನಿ. ಶುಕ್ರವಾರ ಬೆಳಿಗ್ಗೆ ಸೂಕ್ ಕಡೆ ಹೋಗಬೇಡಿ, ಮುಚ್ಚಿರುತ್ತದೆ. ಟ್ಯಾಕ್ಸಿಯಲ್ಲಿ ಕೂರುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ.

ಹೊರಡುವಾಗ ಅಮ್ಮ ಒಂದು ಮಣ್ಣಿನ ಧೂಪದ ಪಾತ್ರೆಯನ್ನೂ ಕೊಂಡರು. ವಿಮಾನದಲ್ಲೂ, ಇಳಿದ ಮೇಲೆ ಉಡುಪಿಯವರೆಗೂ ಅದನ್ನು ಸೀರೆಯಲ್ಲಿ ಸುತ್ತಿ ಮಡಿಲಲ್ಲೇ ಇಟ್ಟುಕೊಂಡು ಬಂದರು.