ಎಲ್ಲ ಡಿಸ್ಕೂ ಓಡಿಸುವ ಪ್ಲೇಯರ್: ಹುಬ್ಬಳ್ಳಿ-ಧಾರವಾಡದ ಮನೆಗೆ ಯಾವುದು ಸರಿ, ಎಲ್ಲಿ ಕೈಕೊಡುತ್ತದೆ

ಅಂಗಡಿಯಲ್ಲಿ “ಅಣ್ಣಾರ, ಇದರಾಗ ಎಲ್ಲಾ ಡಿಸ್ಕ್ ಓಡ್ತಾವೇನ್ರಿ?” ಎಂದು ಕೇಳಿದರೆ “ಎಲ್ಲಾ ಓಡ್ತಾವ್ರೀ ಸರ್” ಎಂಬ ಉತ್ತರ ಬರುತ್ತದೆ. ಹೇಳಿದವರಿಗೆ ಮೋಸ ಮಾಡುವ ಮನಸ್ಸಿರುವುದಿಲ್ಲ. ಅವರ ಲೆಕ್ಕದಲ್ಲಿ ಎಲ್ಲಾ ಅಂದರೆ ಸಿಡಿ, ಡಿವಿಡಿ, ಪೆನ್‌ಡ್ರೈವ್, ಅಷ್ಟೇ. ಯೂನಿವರ್ಸಲ್ ಪ್ಲೇಯರ್ ಅನ್ನುವ ಹೆಸರಿನ ವ್ಯಾಪ್ತಿ ಅದಕ್ಕಿಂತ ದೊಡ್ಡದು. 1982ರ ಸಿಡಿ, 1993ರ ವಿಸಿಡಿ, 1996ರ ಡಿವಿಡಿ, 1999ರ ಸೂಪರ್ ಆಡಿಯೊ ಸಿಡಿ (ಸಿಡಿಗಿಂತ ಮೇಲ್ಮಟ್ಟದ ಧ್ವನಿಯ ಡಿಸ್ಕು), 2000ದ ಡಿವಿಡಿ-ಆಡಿಯೊ (ಸಂಗೀತಕ್ಕೆಂದೇ ಮಾಡಿದ ಡಿವಿಡಿ), 2006ರ ಬ್ಲೂ-ರೇ, 2016ರ 4ಕೆ ಬ್ಲೂ-ರೇ. ಇವೆಲ್ಲ 12 ಸೆಂಟಿಮೀಟರಿನ ಒಂದೇ ಅಳತೆಯ ತಟ್ಟೆಗಳು, ಕೈಯಲ್ಲಿ ಹಿಡಿದರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಇಷ್ಟನ್ನೂ ಒಂದೇ ಪೆಟ್ಟಿಗೆಯಲ್ಲಿ ಓದುವ ಯಂತ್ರಗಳು ಇವತ್ತು ಕೈಬೆರಳಲ್ಲಿ ಎಣಿಸುವಷ್ಟೇ ಉಳಿದಿವೆ.

ಆದ್ದರಿಂದ ಮೊದಲು ಮನೆಯ ಕಪಾಟು ತೆಗೆಯಿರಿ. ನಮ್ಮ ಭಾಗದ ಕಪಾಟಿನಲ್ಲಿ ಸಿಗುವ ಸಾಮಾನು ಹೆಚ್ಚುಕಡಿಮೆ ಒಂದೇ ಥರ. ಮನ್ಸೂರರ, ಗಂಗೂಬಾಯಿಯವರ, ಭೀಮಸೇನ ಜೋಶಿಯವರ, ಬಸವರಾಜ ರಾಜಗುರುಗಳ ಸಿಡಿಗಳು, ವಚನ-ಭಜನೆಗಳ ಎಂಪಿ3 ಡಿಸ್ಕು, ಸಿನಿಮಾದ ಒಂದಿಷ್ಟು ವಿಸಿಡಿ-ಡಿವಿಡಿ, ಮತ್ತು ಮದುವೆ, ಜವಳ, ಗೃಹಪ್ರವೇಶದ ಡಿಸ್ಕುಗಳು. ಕೊನೆಯವನ್ನು ಸ್ಟುಡಿಯೊದವರು ಬರೆದುಕೊಟ್ಟು ಮೇಲೆ ಫೋಟೊ ಅಂಟಿಸಿರುತ್ತಾರೆ. ಸೂಪರ್ ಆಡಿಯೊ ಸಿಡಿಯೂ 4ಕೆ ಬ್ಲೂ-ರೇಯೂ ಇರುವ ಮನೆ ಕಡಿಮೆ, ಆದರೆ ಇದ್ದವರು ಜೀವ ಇಟ್ಟು ಕೂಡಿಟ್ಟಿರುತ್ತಾರೆ. ನಿಮ್ಮ ಕಪಾಟಿನಲ್ಲಿ ಸಿಡಿ, ವಿಸಿಡಿ, ಡಿವಿಡಿ ಬಿಟ್ಟು ಬೇರೇನೂ ಇಲ್ಲ ಎಂದಾದರೆ ದುಬಾರಿ ಯೂನಿವರ್ಸಲ್ ಪ್ಲೇಯರ್ ಬೇಡ. ಒಳ್ಳೆಯ ಸ್ಥಿತಿಯಲ್ಲಿರುವ ಡಿವಿಡಿ ಪ್ಲೇಯರ್ ಒಂದೇ ಸಾಕು, ಕೆಲವು ಸಲ ಅದೇ ವಾಸಿ.

ವಾಸಿ ಏಕೆಂದರೆ ಹೊಸ ಬ್ಲೂ-ರೇ ಪ್ಲೇಯರುಗಳಲ್ಲಿ ಹಲವು ವಿಸಿಡಿಯನ್ನು ಓದುವುದೇ ಇಲ್ಲ. ಸಿಡಿಗೆ 780 ನ್ಯಾನೊಮೀಟರಿನ ಲೇಸರ್ ಬೇಕು, ಡಿವಿಡಿ ಮತ್ತು ಸೂಪರ್ ಆಡಿಯೊ ಸಿಡಿಗೆ 650, ಬ್ಲೂ-ರೇಗೆ 405. ಪ್ಲೇಯರಿನಲ್ಲಿ ಮೂರೂ ಇರುತ್ತವೆ, ವಿಸಿಡಿಯ ತಟ್ಟೆ ಅದರ ಕಣ್ಣಿಗೆ ಬೀಳುತ್ತದೆ. ಆದರೆ ಒಳಗಿನ ಎಂಪೆಗ್-1 ಚಿತ್ರವನ್ನು ವಿಸಿಡಿಯ ಕ್ರಮದಲ್ಲಿ ಬಿಡಿಸುವ ತಂತ್ರಾಂಶವನ್ನು ತಯಾರಕರು ಕೈಬಿಟ್ಟಿರುತ್ತಾರೆ. ಪೆಟ್ಟಿಗೆಯ ಮೇಲೆ ‘ವಿಸಿಡಿ’ ಎಂದು ಅಚ್ಚಾಗಿಲ್ಲದಿದ್ದರೆ ಓದುವುದಿಲ್ಲ ಎಂದೇ ತಿಳಿಯಿರಿ. ವಿಸಿಡಿ ಉಳಿಸಿಕೊಳ್ಳುವ ದಾರಿ ಸುಲಭವಿದೆ. ಕಂಪ್ಯೂಟರಿನ ಡ್ರೈವಿಗೆ ಹಾಕಿದರೆ ‘ಎಂಪೆಗ್‌ಎವಿ’ (MPEGAV) ಎಂಬ ಫೋಲ್ಡರಿನಲ್ಲಿ ‘ಎವಿಸೀಕ್ಯು01.ಡಾಟ್’ (AVSEQ01.DAT) ಎಂಬ ಕಡತ ಸಿಗುತ್ತದೆ. ಅದನ್ನು ನಕಲು ಮಾಡಿ ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶದಲ್ಲಿ ಓಡಿಸಿ ನೋಡಿ, ಸರಿಯಿದ್ದರೆ ಎಂಪಿ4ಗೆ ಬದಲಿಸಿ ಪೆನ್‌ಡ್ರೈವಿಗೆ ಹಾಕಿ. ಮದುವೆ ಡಿಸ್ಕಿನ ವಿಷಯದಲ್ಲಿ ಇದನ್ನು ಮುಂದೂಡಬೇಡಿ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕು ಅಚ್ಚೊತ್ತಿದ್ದು. ಸ್ಟುಡಿಯೊದ್ದು ಬಣ್ಣದ ಪದರದ ಮೇಲೆ ಲೇಸರಿನಿಂದ ಸುಟ್ಟು ಬರೆದದ್ದು, ಆ ಬಣ್ಣ ಬಿಸಿಲು-ಶಾಖಕ್ಕೆ ಕೆಡುತ್ತಾ ಹೋಗುತ್ತದೆ. ಮೊದಲು ಅಂಚಿನ ಭಾಗ, ಅಂದರೆ ಚಿತ್ರದ ಕೊನೆಯ ಭಾಗ, ಹೋಗುತ್ತದೆ. ಅಕ್ಷತೆ ಕಾಣುತ್ತದೆ, ಊಟದ ಪಂಕ್ತಿಗೆ ಬಂದಾಗ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ.

ಇನ್ನು ಕಪಾಟಿನಲ್ಲಿ ಬ್ಲೂ-ರೇಯೋ ಸೂಪರ್ ಆಡಿಯೊ ಸಿಡಿಯೋ ಇರುವವರ ಮಾತು. ಒಪ್ಪೊ ಕಂಪನಿ 2018ರ ಏಪ್ರಿಲ್‌ನಲ್ಲಿ ಹೊಸ ಪ್ಲೇಯರ್ ತಯಾರಿ ನಿಲ್ಲಿಸುವುದಾಗಿ ಹೇಳಿತು, ಸ್ಯಾಮ್‌ಸಂಗ್ 2019ರಲ್ಲಿ ಇದೇ ದಾರಿ ಹಿಡಿಯಿತು. ಒಪ್ಪೊದ ಯುಡಿಪಿ-203, 205 ಇವತ್ತಿಗೂ ಸೆಕೆಂಡ್ ಹ್ಯಾಂಡ್‌ನಲ್ಲಿ ಭಾರೀ ಬೆಲೆಗೆ ಕೈ ಬದಲಾಗುತ್ತಿವೆ. ಯಂತ್ರ ಒಳ್ಳೆಯದೇ. ಆದರೆ ಲೇಸರ್ ಜೋಡಣೆ ಸವೆದರೆ ಹೊಸದು ಹುಡುಕುವುದು ಕಷ್ಟ, ಹುಬ್ಬಳ್ಳಿಯಲ್ಲಿ ಕೂತು ಅದನ್ನು ತರಿಸುವುದು ಇನ್ನೂ ಕಷ್ಟ. ಎಷ್ಟು ಗಂಟೆ ಓಡಿದೆ ಎಂದು ತಿಳಿಯದ ಒಪ್ಪೊಗೆ ಹಣ ಹಾಕಬೇಡಿ.

ನಮ್ಮ ಆಯ್ಕೆ ಸೋನಿಯ ಯುಬಿಪಿ-ಎಕ್ಸ್800ಎಂ2. 4ಕೆ ಬ್ಲೂ-ರೇ, ಬ್ಲೂ-ರೇ, ಡಿವಿಡಿ, ಡಿವಿಡಿ-ಆಡಿಯೊ, ಸೂಪರ್ ಆಡಿಯೊ ಸಿಡಿ, ಸಿಡಿ, ಇಷ್ಟನ್ನೂ ಓದುತ್ತದೆ. ಗಟ್ಟಿ ಮೈ, ಒಳಗೇ ಪವರ್ ಸಪ್ಲೈ. ಹಿಂದೆ ಎರಡು ಎಚ್‌ಡಿಎಂಐ: ಒಂದು ಟಿವಿಗೆ, ಇನ್ನೊಂದು ಧ್ವನಿಗೆ ಮಾತ್ರ. 4ಕೆ ಚಿತ್ರವನ್ನು ದಾಟಿಸಲಾರದ ಹಳೆಯ ರಿಸೀವರ್ (ಹಲವು ಸ್ಪೀಕರ್ ನಡೆಸುವ ಹೋಮ್ ಥಿಯೇಟರ್ ಆಂಪ್ಲಿಫೈಯರ್) ಇದ್ದವರಿಗೆ ಈ ಎರಡನೇ ಕಿಂಡಿಯೇ ದೊಡ್ಡ ಉಪಕಾರ. ರಿಸೀವರ್ ಬದಲಿಸದೆ ಕೆಲಸ ಆಗುತ್ತದೆ. ಕೊರತೆ ಎರಡು. ಮುಂಭಾಗದಲ್ಲಿ ಅಂಕಿ ತೋರಿಸುವ ಪರದೆ ಇಲ್ಲ; ಟಿವಿ ಆರಿಸಿ ಸಿಡಿ ಕೇಳುವಾಗ ಎಷ್ಟನೇ ಟ್ರ್ಯಾಕ್ ಎಂದು ಗೊತ್ತಾಗುವುದಿಲ್ಲ. ಕೆಂಪು-ಬಿಳಿ ಆರ್‌ಸಿಎ ಔಟ್‌ಪುಟ್ ಇಲ್ಲವೇ ಇಲ್ಲ. ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಇಟ್ಟುಕೊಂಡವರು ಇದನ್ನು ನೇರವಾಗಿ ಜೋಡಿಸಲಾರರು. ತಮ್ಮನಾದ ಎಕ್ಸ್700ರಲ್ಲೂ ಎರಡು ಎಚ್‌ಡಿಎಂಐ, ಸೂಪರ್ ಆಡಿಯೊ ಸಿಡಿ ಎರಡೂ ಇವೆ, ಬೆಲೆ ಕಡಿಮೆ, ಪವರ್ ಅಡಾಪ್ಟರ್ ಹೊರಗೆ, ಮೈ ಹಗುರ. ಹಣ ಬಿಗಿಯಿದ್ದರೆ ಅದೂ ನಡೆಯುತ್ತದೆ.

ಪ್ಯಾನಸಾನಿಕ್ ಡಿಪಿ-ಯುಬಿ820 ಚಿತ್ರದ ವಿಷಯದಲ್ಲಿ ಸೋನಿಗಿಂತ ಒಂದು ಕೈ ಮೇಲು. ಪ್ರಕಾಶ ಕಡಿಮೆ ಇರುವ ಟಿವಿಯಲ್ಲೂ ಪ್ರೊಜೆಕ್ಟರಿನಲ್ಲೂ ಎಚ್‌ಡಿಆರ್ (ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ) ಚಿತ್ರದ ಬೆಳಕಿನ ಭಾಗ ಬಿಳಿಚಿಕೊಳ್ಳದಂತೆ ಸರಿದೂಗಿಸುತ್ತದೆ. ಎಚ್‌ಡಿಆರ್‌ನ ಸುಧಾರಿತ ರೂಪವಾದ ಎಚ್‌ಡಿಆರ್10 ಪ್ಲಸ್ ಕೂಡ ಇದೆ, 7.1 (ಎಂಟು ಚಾನೆಲ್) ಅನಲಾಗ್ ಔಟ್‌ಪುಟ್ ಕೂಡ ಇದೆ. ಆದರೆ ಸೂಪರ್ ಆಡಿಯೊ ಸಿಡಿಯ ಉನ್ನತ ಪದರವನ್ನು ಓದುವುದಿಲ್ಲ, ಹಾಗಾಗಿ ಯೂನಿವರ್ಸಲ್ ಎಂದು ಕರೆಯುವಂತಿಲ್ಲ. ಸಿನಿಮಾ ಮಾತ್ರ ನೋಡುವವರು ಇದನ್ನೇ ತಗೊಳ್ಳಲಿ. ಹಣದ ಚಿಂತೆ ಇಲ್ಲದೆ, ಸ್ಟೀರಿಯೊ ಆಂಪ್ಲಿಫೈಯರಿಗೆ ಅನಲಾಗ್ ತಂತಿಯಲ್ಲೇ ಸಂಗೀತ ಬೇಕು ಎನ್ನುವವರಿಗೆ ಮ್ಯಾಗ್ನೆಟಾರ್ ಯುಡಿಪಿ800 ಇದೆ. ಎಕ್ಸ್‌ಎಲ್‌ಆರ್ (ಮೂರು ಕಡ್ಡಿಯ ದುಂಡು ಪ್ಲಗ್ಗಿನ ಅನಲಾಗ್ ಕಿಂಡಿ) ಮತ್ತು ಆರ್‌ಸಿಎ ಎರಡೂ ಇವೆ, ಮುಂದೆ ಪರದೆಯೂ ಇದೆ.

ವಿದೇಶದಲ್ಲಿರುವ ಮಕ್ಕಳ ಕೈಯಲ್ಲಿ ತರಿಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಡಿಸ್ಕು, ಪ್ಲೇಯರುಗಳಿಗೆ ರೀಜನ್ ಎಂಬ ಪ್ರದೇಶದ ಗುರುತಿರುತ್ತದೆ, ಎರಡೂ ಹೊಂದದಿದ್ದರೆ ಡಿಸ್ಕ್ ಓಡುವುದಿಲ್ಲ. ಭಾರತ ಡಿವಿಡಿಗೆ ರೀಜನ್ 5, ಬ್ಲೂ-ರೇಗೆ ರೀಜನ್ ಸಿ. ಅಮೆರಿಕದ ಪ್ಲೇಯರ್ ಡಿವಿಡಿಗೆ 1, ಬ್ಲೂ-ರೇಗೆ ಎ. 4ಕೆ ಬ್ಲೂ-ರೇಗೂ ಸೂಪರ್ ಆಡಿಯೊ ಸಿಡಿಗೂ ಈ ಬೇಲಿ ಇಲ್ಲ. ರೀಜನ್ ಗುರುತೇ ಇಲ್ಲದ ಮದುವೆ ಡಿವಿಡಿಗೆ ಬೇರೊಂದು ತೊಡಕು ಕಾಯುತ್ತಿರುತ್ತದೆ. ನಮ್ಮ ಸ್ಟುಡಿಯೊದವರು ಬರೆದದ್ದು ನಮ್ಮ ದೇಶದ ಟಿವಿಗಳ ಪಾಲ್ ಪದ್ಧತಿ, 720 ಗುಣಿಸು 576, ಸೆಕೆಂಡಿಗೆ 25 ಚಿತ್ರ. ಅಮೆರಿಕದ ಮಾರುಕಟ್ಟೆಗೆ ಮಾಡಿದ ಅನೇಕ ಪ್ಲೇಯರುಗಳು ಪಾಲ್ ಡಿವಿಡಿ ಕಂಡರೆ ‘ಓದಲಾಗದು’ ಎಂದುಬಿಡುತ್ತವೆ. ಹಿಂಬದಿಯ ಲೇಬಲ್ ಕೂಡ ಓದಿ: 120 ವೋಲ್ಟ್ ಮಾತ್ರ ಎಂದಿದ್ದರೆ ನಮ್ಮ 230 ವೋಲ್ಟಿಗೆ ಚುಚ್ಚಿದ ಕ್ಷಣವೇ ಸುಟ್ಟುಹೋಗುತ್ತದೆ. ಜಪಾನಿನದು 100 ವೋಲ್ಟ್.

ಪ್ಲೇಯರ್ ಸರಿಯಾದದ್ದೇ ಬಂದಿದ್ದರೂ ಜನ ಹೆಚ್ಚು ಎಡವುವುದು ತಂತಿಯಲ್ಲಿ. ಸೂಪರ್ ಆಡಿಯೊ ಸಿಡಿಯ ಸಂಕೇತ ಕೋಆಕ್ಸಿಯಲ್, ಆಪ್ಟಿಕಲ್ ಎಂಬ ಡಿಜಿಟಲ್ ಧ್ವನಿ ತಂತಿಯಲ್ಲಿ ಹೊರಗೆ ಬರುವುದಿಲ್ಲ. ನಕಲು ತಡೆಯಲು ಮೊದಲಿನಿಂದಲೂ ಹಾಗೇ ಮಾಡಿದ್ದಾರೆ. ಎಚ್‌ಡಿಎಂಐ ಅಥವಾ ಅನಲಾಗ್ ಮಾತ್ರ ದಾರಿ. ಕೋಆಕ್ಸಿಯಲ್ ಹಾಕಿ ಡಿಸ್ಕ್ ತಿರುಗುತ್ತಿದ್ದರೂ ಧ್ವನಿ ಇಲ್ಲ ಎಂದಾಗ ಪ್ಲೇಯರ್ ಕೆಟ್ಟಿದೆ ಎಂದು ತಿಳಿದು ರಿಪೇರಿಗೆ ಒಯ್ಯುವವರಿದ್ದಾರೆ. ಸೋನಿಯಲ್ಲಿ ಇದಕ್ಕೊಂದು ಸೆಟ್ಟಿಂಗ್ ಇದೆ: ಮ್ಯೂಸಿಕ್ ಸೆಟ್ಟಿಂಗ್ಸ್‌ನಲ್ಲಿ ಸೂಪರ್ ಆಡಿಯೊ ಸಿಡಿ ಲೇಯರ್ ಅನ್ನು ‘ಸಿಡಿ’ ಎಂದು ಬದಲಿಸಿದರೆ ಎರಡೂ ಪದರವಿರುವ ಹೈಬ್ರಿಡ್ ಡಿಸ್ಕಿನ ಸಾಮಾನ್ಯ ಸಿಡಿ ಪದರ ನುಡಿಯುತ್ತದೆ. ಅದೇ ಜಾಗದಲ್ಲಿ ಚಾನೆಲ್ ಸಂಖ್ಯೆಯೂ ಇದೆ; ಎರಡೇ ಸ್ಪೀಕರ್ ಇದ್ದವರು ಎರಡು ಚಾನೆಲ್ಲಿಗೆ ಇಡಬೇಕು.

ಸೌಂಡ್‌ಬಾರ್ ಇದ್ದವರಿಗೆ ಇನ್ನೊಂದು ಮಾತು. ಪ್ಲೇಯರನ್ನು ಟಿವಿಗೆ ಜೋಡಿಸಿ, ಟಿವಿಯಿಂದ ಬರೀ ಎಆರ್‌ಸಿ (ಟಿವಿಯ ಧ್ವನಿಯನ್ನು ಹೊರಗೆ ಕೊಡುವ ಎಚ್‌ಡಿಎಂಐ) ಕಿಂಡಿಯಲ್ಲಿ ಸೌಂಡ್‌ಬಾರಿಗೆ ಕೊಟ್ಟರೆ ಬ್ಲೂ-ರೇಯ ಡಾಲ್ಬಿ ಟ್ರೂಎಚ್‌ಡಿ ಧ್ವನಿ ದಾಟುವುದಿಲ್ಲ, ಕುಗ್ಗಿಸಿದ ಡಾಲ್ಬಿಯೇ ತಲುಪುತ್ತದೆ. ಟಿವಿ, ಬಾರ್ ಎರಡರಲ್ಲೂ ಅದರ ಹೊಸ ರೂಪವಾದ ಇ-ಎಆರ್‌ಸಿ ಇರಬೇಕು, ಇಲ್ಲವೇ ಪ್ಲೇಯರನ್ನು ಬಾರಿಗೇ ನೇರ ಜೋಡಿಸಬೇಕು. ಸೋನಿಯಲ್ಲಿ ‘ಬಿಡಿ ಆಡಿಯೊ ಮಿಕ್ಸ್’ ಅನ್ನು ಆಫ್ ಮಾಡದಿದ್ದರೆ ಅಟ್ಮಾಸ್ (ಮೇಲಿಂದಲೂ ಕೇಳಿಸುವಂಥ ಡಾಲ್ಬಿ ಧ್ವನಿ) ಹೊರಗೇ ಬರುವುದಿಲ್ಲ. ಎಚ್‌ಡಿಆರ್‌ನ ಇನ್ನೊಂದು ರೂಪವಾದ ಡಾಲ್ಬಿ ವಿಷನ್ ಕೂಡ ಕೈಯಿಂದಲೇ ಹಾಕಿ-ತೆಗೆಯಬೇಕು. ಆನ್ ಇಟ್ಟು ಮರೆತರೆ ಸಾಮಾನ್ಯ ಎಚ್‌ಡಿಆರ್10 ಡಿಸ್ಕನ್ನೂ ಬಲವಂತವಾಗಿ ಡಾಲ್ಬಿ ವಿಷನ್ ಮಾಡಿ ಕಳಿಸುತ್ತದೆ, ಬಣ್ಣ ತಪ್ಪುತ್ತದೆ. ಇಷ್ಟು ಬೆಲೆಯ ಯಂತ್ರಕ್ಕೆ ಇದು ಒಪ್ಪುವ ದೋಷವಲ್ಲ. ಟಿವಿಯ ಆ ಎಚ್‌ಡಿಎಂಐ ಕಿಂಡಿಗೂ ‘ಎನ್‌ಹಾನ್ಸ್ಡ್’ ಥರದ ಒಂದು ಸೆಟ್ಟಿಂಗ್ ಇರುತ್ತದೆ, ಅದನ್ನು ಆನ್ ಮಾಡಿ. ಕೇಬಲ್ 18 ಗಿಗಾಬಿಟ್ ತಾಳುವ ‘ಪ್ರೀಮಿಯಂ ಹೈಸ್ಪೀಡ್’ ಇರಲಿ, ಎರಡು ಮೀಟರ್ ಒಳಗಿರಲಿ. ನಡುನಡುವೆ ಪರದೆ ಕಪ್ಪಾಗಿ ಮರಳಿ ಬಂದರೆ ಮೊದಲ ಅನುಮಾನ ಕೇಬಲ್ ಮೇಲೆ.

ಹಿಂದೂಸ್ತಾನಿ ಕೇಳುವ ಮನೆಗಳು ಒಂದು ಪರೀಕ್ಷೆ ಮಾಡಲೇಬೇಕು. ಖಯಾಲಿನ ಸಿಡಿಯಲ್ಲಿ ವಿಲಂಬಿತ (ನಿಧಾನ ಗತಿ) ಒಂದು ಟ್ರ್ಯಾಕ್, ದ್ರುತ್ (ವೇಗದ ಗತಿ) ಇನ್ನೊಂದು ಟ್ರ್ಯಾಕ್ ಮಾಡಿರುತ್ತಾರೆ, ನಡುವೆ ತಂಬೂರಿ ನಿಂತಿರುವುದಿಲ್ಲ. ಕೆಲವು ಪ್ಲೇಯರ್ ಆ ಗಡಿಯಲ್ಲಿ ಅರ್ಧ ಸೆಕೆಂಡ್ ಮೌನ ಹಾಕುತ್ತವೆ. ಸಿನಿಮಾ ಹಾಡಿನ ಸಿಡಿಯಲ್ಲಿ ಅದು ಗೊತ್ತೇ ಆಗದು. ಇಲ್ಲಿ ಷಡ್ಜ ಕತ್ತರಿಸಿದಂತಾಗಿ ಕಿವಿಗೆ ಚುಚ್ಚುತ್ತದೆ, ಗವಾಯಿ ಕಟ್ಟಿದ ಕಟ್ಟಡ ಅಲ್ಲೇ ಕಳಚುತ್ತದೆ. ಮನೆಯಲ್ಲಿ ಬರೆದ ಸಿಡಿಯಲ್ಲಿ ಮಾತ್ರ ಈ ಮೌನವಿದ್ದರೆ ತಪ್ಪು ಪ್ಲೇಯರಿನದಲ್ಲ. ಬರೆಯುವಾಗ ‘ಟ್ರ್ಯಾಕ್ ಅಟ್ ಒನ್ಸ್’ ಆರಿಸಿದ್ದರೆ ಎರಡು ಸೆಕೆಂಡ್ ಅಂತರ ತಾನಾಗಿ ಸೇರುತ್ತದೆ. ‘ಡಿಸ್ಕ್ ಅಟ್ ಒನ್ಸ್’ ಆರಿಸಬೇಕಿತ್ತು. ಎಂಪಿ3 ಕಡತಗಳ ತುದಿಗಳಲ್ಲಿ ಸ್ವಲ್ಪ ಮೌನ ಸೇರುವುದು ಆ ಪದ್ಧತಿಯ ಗುಣವೇ.

ಅಂಗಡಿಗೆ ಹೋಗುವಾಗ ನಾಲ್ಕು ಡಿಸ್ಕ್ ಚೀಲದಲ್ಲಿರಲಿ. ನಿಮ್ಮ ಅತಿ ಹಳೆಯ ಮದುವೆ ಡಿಸ್ಕು. ಎಪ್ಪತ್ತು ನಿಮಿಷ ಮೀರಿದ ಸಿಡಿ. ಎರಡು ಪದರದ, ಅಂದರೆ 8.5 ಜಿಬಿಯ ಸಿನಿಮಾ ಡಿವಿಡಿ. ಮತ್ತು ಈ ಖಯಾಲಿನ ಸಿಡಿ. ಡಿಸ್ಕಿನ ಬರಹ ಒಳಗಿನಿಂದ ಹೊರಗೆ ಹೋಗುತ್ತದೆ. ಆದ್ದರಿಂದ ಸಿಡಿಯ ಮೊದಲ ಹಾಡಲ್ಲ, ಕೊನೆಯ ಹಾಡು ಹಾಕಿಸಿ. ಸೋತ ಲೇಸರ್ ಅಂಚಿನಲ್ಲೇ ಸಿಕ್ಕಿಬೀಳುತ್ತದೆ. ಎರಡು ಪದರದ ಡಿವಿಡಿಯಲ್ಲಿ ನಡುಭಾಗದಲ್ಲೊಂದು ಕಡೆ ಲೇಸರ್ ಪದರ ಬದಲಿಸುತ್ತದೆ. ಕಣ್ಣು ಮಿಟುಕಿಸುವಷ್ಟು ನಿಂತರೆ ಪರವಾಗಿಲ್ಲ, ಅಲ್ಲೇ ಕಲ್ಲಾಗಿ ನಿಂತರೆ ಆ ಯಂತ್ರ ಬೇಡ. ಮದುವೆ ಡಿಸ್ಕಿನಲ್ಲಿ ಮೆರವಣಿಗೆಯ ಭಾಗ ನೋಡಿ: ನಡೆಯುವವರ ತೋಳಿನ ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಸೀಳಿದ್ದರೆ ಇಂಟರ್‌ಲೇಸ್ (ಗೆರೆ ಬಿಟ್ಟು ಗೆರೆ ಬರೆದ) ಚಿತ್ರವನ್ನು ಪ್ಲೇಯರ್ ಸರಿಯಾಗಿ ಹೊಂದಿಸುತ್ತಿಲ್ಲ.

ಮನೆಗೆ ತಂದ ಮೇಲೆ ಯಂತ್ರಕ್ಕೆ ಎರಡು ಶತ್ರುಗಳು, ಧೂಳು ಮತ್ತು ಸಿಡಿಲು. ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆಯಲ್ಲಿ ಪ್ಲೇಯರಿನ ಪ್ಲಗ್ ಕಿತ್ತರೆ ಸಾಲದು. ಡಿಶ್ ತಂತಿಯಿಂದ ಸೆಟ್‌ಟಾಪ್ ಪೆಟ್ಟಿಗೆಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಮೂಲಕ ಪ್ಲೇಯರಿಗೆ ಹೊಡೆತ ಹರಿದು ಬರುತ್ತದೆ, ಎಚ್‌ಡಿಎಂಐ ಚಿಪ್ಪು ಸದ್ದಿಲ್ಲದೆ ಸಾಯುತ್ತದೆ. ಡಿಶ್ ತಂತಿಯನ್ನೂ ಬಿಚ್ಚಿಡಿ. ಸ್ಟೆಬಿಲೈಜರ್ ಅಗತ್ಯವಿಲ್ಲ, ಸರಿಯಾದ ಅರ್ಥಿಂಗ್ ಇರುವ ಪ್ಲಗ್ಗಿಗೆ ಸರ್ಜ್ ಪ್ರೊಟೆಕ್ಟರ್ ಸಾಕು.

ಡಿಸ್ಕ್ ಒರೆಸುವಾಗ ಒಳವೃತ್ತದಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಬರಹದ ದಿಕ್ಕಿನಲ್ಲೇ ಗೀರು ಬಿದ್ದರೆ ಪ್ಲೇಯರಿಗೆ ತಪ್ಪು ತಿದ್ದಿಕೊಳ್ಳಲಾಗದು. ಸಿಡಿಯ ಹೊಳೆಯುವ ಬದಿಯಲ್ಲಿ 1.2 ಮಿಲಿಮೀಟರ್ ಪ್ಲಾಸ್ಟಿಕ್ ಇದೆ, ಸಣ್ಣ ಗೀರು ತಡೆಯುತ್ತದೆ. ನಿಜವಾಗಿ ನಾಜೂಕು ಇರುವುದು ಮೇಲಿನ ಹೆಸರಿನ ಬದಿ, ಅಲ್ಲಿ ಬರೀ ಬಣ್ಣದ ತೆಳು ಲೇಪ. ಬಾಲ್‌ಪೆನ್ನಿನಿಂದ ‘ಅಕ್ಕನ ಮದುವೆ’ ಎಂದು ಒತ್ತಿ ಬರೆದ ಜಾಗದಲ್ಲೇ ಡಿಸ್ಕ್ ಸತ್ತಿರುತ್ತದೆ. ಬ್ಲೂ-ರೇಯಲ್ಲಿ ದತ್ತಾಂಶ ಮೇಲ್ಮೈಯಿಂದ 0.1 ಮಿಲಿಮೀಟರ್ ಒಳಗಷ್ಟೇ ಇದೆ, ಗಟ್ಟಿ ಲೇಪವಿದ್ದರೂ ಬರಿಗೈ ತಾಗಿಸಬೇಡಿ.

ಕೆಲವು ವರ್ಷಗಳ ನಂತರ ಟ್ರೇ ಹೊರಬರಲು ತಿಣುಕಿದರೆ, ಇಲ್ಲವೇ ಬಂದು ತಕ್ಷಣ ತಾನೇ ಒಳಗೆ ಹೋದರೆ, ಹೆದರಬೇಡಿ. ಟ್ರೇ ಮೋಟರಿನ ಸಣ್ಣ ರಬ್ಬರ್ ಬೆಲ್ಟ್ ಸಡಿಲಾಗಿರುತ್ತದೆ, ಅಷ್ಟೇ. ಅದೇ ಸುತ್ತಳತೆಯ ಬೆಲ್ಟ್ ಹಾಕಿಸಿದರೆ ಸರಿಹೋಗುತ್ತದೆ. “ಲೇಸರ್ ಹೋಗೇತ್ರಿ” ಎಂದು ಯಾರಾದರೂ ಹೇಳಿದರೆ, ಮೊದಲು ಬೆಲ್ಟ್ ಬಿಚ್ಚಿ ತೋರಿಸಲು ಹೇಳಿ: ಹೊಸದು ಬಿಗಿಯಾಗಿ, ಮ್ಯಾಟಾಗಿ ಇರುತ್ತದೆ, ಸವೆದದ್ದು ಹೊಳೆಯುತ್ತದೆ ಮತ್ತು ರಾಟೆಯ ಮೇಲೆ ಜಾರುತ್ತದೆ.