ಕೀಬೋರ್ಡ್ ಮುಟ್ಟದೆ ಕನ್ನಡ: ಕಾಫಿ ಸೀಮೆಯಲ್ಲಿ ಲೀಪ್ ಮೋಷನ್ ಕಂಟ್ರೋಲರ್

ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಹತ್ತಿರ ನಿಂತವರ ಕೈಗೆ ಕಾಫಿ ಹಣ್ಣಿನ ಲೋಳೆ, ಕಾಫಿಯ ರುಚಿ ನೋಡುವ ಕಪ್ಪಿಂಗ್ ಮೇಜಿನಲ್ಲಿದ್ದವರ ಕೈಯಲ್ಲಿ ಒದ್ದೆ ಚಮಚ. ಮೂಡಿಗೆರೆಯಿಂದ ಸಕಲೇಶಪುರದವರೆಗೆ ಲಾಟ್ ನಂಬರು, ತೂಕ, ತೇವಾಂಶ ಎಂದು ಆಗಾಗ ಕಂಪ್ಯೂಟರಿಗೆ ಹಾಕಬೇಕಾದವರ ಪಾಡು ಇದು. ಗಾಳಿಯಲ್ಲೇ ಕೈಯಾಡಿಸಿ ಟೈಪ್ ಮಾಡುವ ಸಾಧನ ಇಂಥಲ್ಲಿ ಉಪಯೋಗಕ್ಕೆ ಬರುತ್ತದೆಯೇ? ಅಂಕಿಗೆ ಬರುತ್ತದೆ. ಊರಿನ ಹೆಸರಿಗೆ, ಊರು ಯಾವುದೆಂದು ನೋಡಿಕೊಂಡು. ಪತ್ರ ಬರೆಯುತ್ತೇನೆಂದರೆ ಆಸೆ ಬಿಡಿ.

ಲೀಪ್ ಮೋಷನ್ ಕಂಟ್ರೋಲರ್ ಎಂಬ ಈ ಸಾಧನ 8 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಪುಟ್ಟ ಪಟ್ಟಿ. 2013ರಲ್ಲಿ ಮಾರುಕಟ್ಟೆಗೆ ಬಂತು; 2019ರಲ್ಲಿ ಇದನ್ನು ಮಾಡಿದ ಲೀಪ್ ಮೋಷನ್ ಕಂಪನಿ ಅಲ್ಟ್ರಾಹ್ಯಾಪ್ಟಿಕ್ಸ್ ಎಂಬ ಕಂಪನಿಯ ಪಾಲಾಗಿ ಅಲ್ಟ್ರಾಲೀಪ್ ಎಂಬ ಹೆಸರು ಪಡೆಯಿತು. ಕಪ್ಪು ಗಾಜಿನಡಿ ಎರಡು ಇನ್‌ಫ್ರಾರೆಡ್ ಕ್ಯಾಮೆರಾ, ಮೂರು ಎಲ್‌ಇಡಿ. ಸುಮಾರು 60 ಸೆಂ.ಮೀ. ದೂರದವರೆಗೆ ಕೈ ಅದಕ್ಕೆ ಕಾಣುತ್ತದೆ, ಆದರೆ 20–30 ಸೆಂ.ಮೀ. ಹದ.

ಮಾನಿಟರಿನ ಮುಂದೆ ಗಾಜು ಮೇಲ್ಮುಖವಾಗಿ, ಹಸಿರು ದೀಪ ನಿಮ್ಮ ಕಡೆ ಬರುವಂತೆ ಇಡಿ. ಟ್ರ್ಯಾಕಿಂಗ್ ಸಾಫ್ಟ್‌ವೇರಿನ ಜೊತೆ ಟಚ್‌ಫ್ರೀ ಹಾಕಿಕೊಳ್ಳಿ. ಕೈಯಾಡಿದಂತೆ ಪರದೆಯ ಮೇಲೆ ಕರ್ಸರ್ ಆಡಿಸುವುದು ಅದೇ. ವಿಂಡೋಸಿಗೆ ಕನ್ನಡ ಕೀಬೋರ್ಡ್ ಸೇರಿಸಿ, ವಿಂಡೋಸ್, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿದರೆ ಇನ್‌ಸ್ಕ್ರಿಪ್ಟ್ ಎಂಬ ಜೋಡಣೆಯ ಕನ್ನಡ ಕೀಲಿಗಳು ಪರದೆಗೆ ಬರುತ್ತವೆ. ಕೀಬೋರ್ಡನ್ನು ಪರದೆಯ ಅಗಲಕ್ಕೂ ಹಿಗ್ಗಿಸಿ. ಕೀಲಿ ಆರಿಸಲು ಕೈಯನ್ನು ಪರದೆಯತ್ತ ತಳ್ಳಬಹುದು, ಇಲ್ಲವೇ ಕೀಲಿಯ ಮೇಲೆ ಅಲುಗದೆ ಹಿಡಿಯಬಹುದು. ತಳ್ಳುವಾಗ ಮಣಿಕಟ್ಟು ಬಾಗಿ ಕರ್ಸರ್ ಕೆಳಸಾಲಿಗೆ ಜಾರುತ್ತದೆ. ಹಿಡಿಯುವುದೇ ವಾಸಿ.

ಕನ್ನಡದ ಕಷ್ಟ ಇನ್ನು ಶುರು. ಇನ್‌ಸ್ಕ್ರಿಪ್ಟಿನಲ್ಲಿ ಸ್ವರಚಿಹ್ನೆಗಳು ಎಡಕ್ಕೆ, ವ್ಯಂಜನಗಳು ಹೆಚ್ಚಾಗಿ ಬಲಕ್ಕೆ. ಎರಡು ಕೈಯಿಂದ ಕುಟ್ಟುವವರಿಗೆ ಇದು ಸೊಗಸಾದ ಜೋಡಣೆ: ಒಂದು ಕೈ ಅಕ್ಷರ ಕೊಟ್ಟರೆ ಇನ್ನೊಂದು ಗುಣಿತ ಕೊಡುತ್ತದೆ. ಗಾಳಿಯಲ್ಲಿ ಕರ್ಸರ್ ಒಂದೇ, ಹಾಗಾಗಿ ಕೈ ಮಗ್ಗದ ಲಾಳಿಯಂತೆ ಆಚೀಚೆ ಓಡಬೇಕು. ‘ಹಾಸನ’ ನಾಲ್ಕೇ ಆಯ್ಕೆಗೆ ಮುಗಿಯುತ್ತದೆ, ‘ಬೇಲೂರು’ ಆರಕ್ಕೆ. ‘ಚಿಕ್ಕಮಗಳೂರು’ ಎನ್ನಲು ಅಕ್ಷರ, ಚಿಹ್ನೆ ಸೇರಿ ಹನ್ನೊಂದು, ‘ಳ’ಗೆ ಶಿಫ್ಟ್ ಒಂದು, ಒಟ್ಟು ಹನ್ನೆರಡು. ಕೀಲಿಗೆ ಒಂದು ಸೆಕೆಂಡ್ ಹಿಡಿದರೂ ಹನ್ನೆರಡು ಸೆಕೆಂಡ್ ಹಿಡಿಯುವುದಕ್ಕೇ ಹೋಯಿತು, ಓಡಾಟದ ಲೆಕ್ಕ ಬೇರೆ. ಸಾಲದ್ದಕ್ಕೆ ಒತ್ತಿಗೆ ಬೇಕಾದ ಹಲಂತದ ಕೀಲಿಯೂ ಇಕಾರದ ಕೀಲಿಯೂ ಅಕ್ಕಪಕ್ಕ. ಬೆರಳು ಅರೆಗಳಿಗೆ ನಡುಗಿದರೆ ‘ಚಿಕ್ಕ’ ಹೋಗಿ ‘ಚಿಕಿಕ’ ಆಗುತ್ತದೆ. ಕೀಲಿ ಬದಲಾಯಿತೆಂದು ಬೆರಳಿಗೆ ಗೊತ್ತಾಗುವುದಿಲ್ಲ, ಕಣ್ಣೇ ನೋಡಬೇಕು.

ಅಂಕಿಯಲ್ಲಿ ಈ ಗೋಳಿಲ್ಲ. ಕೀಬೋರ್ಡಿನ ಆಪ್ಷನ್ಸ್‌ನಲ್ಲಿ ನ್ಯೂಮರಿಕ್ ಕೀಪ್ಯಾಡ್ ಆನ್ ಮಾಡಿದರೆ ಅಂಕಿಗಳೆಲ್ಲ ಒಂದೇ ಕಡೆ ಗುಂಪಾಗಿರುತ್ತವೆ. ಮೂಟೆಯ 50 ಕೆಜಿ ಎರಡು ಆಯ್ಕೆ, ತೇವಾಂಶ 10.5 ನಾಲ್ಕು. ಊರು, ತಳಿ, ಗ್ರೇಡುಗಳನ್ನು ಎಕ್ಸೆಲ್‌ನಲ್ಲಿ ಮೊದಲೇ ಡ್ರಾಪ್‌ಡೌನ್ ಪಟ್ಟಿ ಮಾಡಿಟ್ಟರೆ ಅಕ್ಷರದ ತಂಟೆಯೇ ಬರುವುದಿಲ್ಲ. ಉದ್ದ ಟಿಪ್ಪಣಿ ಬೇಕಿದ್ದರೆ ಫೋನಿನ ಜಿಬೋರ್ಡ್‌ಗೆ ಕನ್ನಡದಲ್ಲಿ ಹೇಳುವುದೇ ಬೇಗ, ಪಲ್ಪರ್ ಸದ್ದು ಇಲ್ಲದಿದ್ದರೆ.

ಬಿಸಿಲು ಇದಕ್ಕೆ ಶತ್ರು. ಸೂರ್ಯನ ಬೆಳಕಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಪೂರ್ವದ ಕಿಟಕಿಯ ಎಳೆಬಿಸಿಲು ಗಾಜಿಗೆ ಬಿದ್ದರೆ ಕೈ ಕಾಣೆಯಾಗುತ್ತದೆ. ಹ್ಯಾಲೊಜನ್ ದೀಪದ್ದೂ ಅದೇ ಕಥೆ, ಎಲ್‌ಇಡಿ ಬಲ್ಬು ತೊಂದರೆಯಿಲ್ಲ. ಹೊಳೆಯುವ ಬಳೆ, ಉಂಗುರ, ಅಂಗೈವರೆಗೆ ಇಳಿದ ಸ್ವೆಟರ್ ತೋಳು ಇವೂ ಕಾಟ ಕೊಡುತ್ತವೆ. ಅಂಗೈ ಓರೆಯಾಗಿ ಬೆರಳು ಒಂದರ ಹಿಂದೊಂದು ಅಡಗಿದರೆ ಕ್ಯಾಮೆರಾ ಊಹೆ ಮಾಡುತ್ತದೆ, ಊಹೆ ತಪ್ಪುತ್ತದೆ. ಮೊಣಕೈಗೆ ಮೇಜಿನ ಆಸರೆ ಇರಲೇಬೇಕು, ಇಲ್ಲದಿದ್ದರೆ ಭುಜ ಬೇಗ ಸೋಲುತ್ತದೆ. ಈ ನೋವಿಗೆ ಕಂಪ್ಯೂಟರಿನವರು ಇಟ್ಟ ಹೆಸರು ಗೊರಿಲ್ಲಾ ಆರ್ಮ್!

ನಮ್ಮ ಕೆಲಸಕ್ಕೆ ದೊಡ್ಡ ಕೊರತೆ ಬೇರೆಯೇ ಇದೆ. ಒದ್ದೆ ಕೈಗೆಂದು ಕೊಂಡ ಸಾಧನ ಆ ಕೈಯ ಕೆಳಗೇ ಬಾಯ್ತೆರೆದು ಕೂತಿರುತ್ತದೆ. ತೊಟ್ಟು ನೀರು ಬಿದ್ದರೆ ಗಾಜು ಮಂಕು, ಕರ್ಸರ್ ಕುಣಿತ. ಆಗಾಗ ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಿರಬೇಕು, ಇಲ್ಲವೇ ಮಾನಿಟರಿನ ಮೇಲಂಚಿಗೆ ಕಟ್ಟಿ ಟಚ್‌ಫ್ರೀಯಲ್ಲಿ ಕ್ಯಾಮೆರಾ ಜಾಗವನ್ನು ‘ಮೇಲೆ’ ಎಂದು ಬದಲಿಸಿ, ಸೆಟಪ್ ಮತ್ತೆ ಮಾಡಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಗಾಜಿನ ಗೀರು ನೋಡಿ. ಇದರ ಅಗಲ ಮೂತಿಯ ಕೇಬಲ್ ಇಲ್ಲದಿದ್ದರೆ ಚಿಂತೆ ಬೇಡ. ಹಳೆ ಮೊಬೈಲಿನ ಮೈಕ್ರೋ ಯುಎಸ್‌ಬಿ ಡೇಟಾ ಕೇಬಲ್ ಅದೇ ಕಿಂಡಿಯ ಅಗಲ ಭಾಗದಲ್ಲಿ ಕೂರುತ್ತದೆ.